ಸಹಾಯ ಬೇಕು: ಆಸ್ತಮಾ ಇರುವ ಅಮ್ಮನೊಂದಿಗೆ ಆಸೊ ಜ್ವಾಲಾಮುಖಿ ಪ್ರವಾಸ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಗುಂಪು ಪ್ರವಾಸದಲ್ಲಿ ಅಮ್ಮನೊಂದಿಗೆ ಜಪಾನಿನ ಕ್ಯೂಶೂ ದ್ವೀಪಕ್ಕೆ ಹೋಗುತ್ತಿದ್ದೇನೆ. ಅಲ್ಲಿನ ಬೆಪ್ಪು ನಗರದ ಬಿಸಿನೀರಿನ ಬುಗ್ಗೆಗಳ ಬಗ್ಗೆ ಚಿಂತೆಯಿಲ್ಲ. ಅಲ್ಲಿನ ಉಮಿ ಜಿಗೊಕು ಕೊಳದ ನೀರು ಸುಮಾರು 98 ಡಿಗ್ರಿ ಇರುವುದರಿಂದ ಅದು ಹೇಗೂ ಬೇಲಿಯಾಚೆ ನಿಂತು ನೋಡುವಂಥದ್ದು. ತೊಡಕಿರುವುದು ಆಸೊ ಪರ್ವತದ ನಕಾದಾಕೆ ಕುಳಿಯದು.

ಅಮ್ಮನಿಗೆ ಆಸ್ತಮಾ ಇದೆ. ಅಗರಬತ್ತಿಯ ಹೊಗೆಗೂ ಇನ್‌ಹೇಲರ್ ಹುಡುಕುತ್ತಾರೆ. ಕುಳಿಯಿಂದ ಹೊಮ್ಮುವ ಸಲ್ಫರ್ ಡೈಆಕ್ಸೈಡ್ ಅನಿಲದ ಕಾರಣ ಆಸ್ತಮಾ, ಬ್ರಾಂಕೈಟಿಸ್ ಅಥವಾ ಹೃದ್ರೋಗ ಇರುವವರು ಅದರ ಅಂಚಿಗೆ ಹೋಗಬಾರದೆಂದು ಅಲ್ಲಿನ ಅಧಿಕೃತ ಸೂಚನೆಯೇ ಹೇಳುತ್ತದೆ. ನಮ್ಮ ವೈದ್ಯರೂ ಬೇಡವೆಂದಿದ್ದಾರೆ. ಪ್ರವಾಸದವರನ್ನು ಕೇಳಿದರೆ ಮಾಸ್ಕ್ ಹಾಕಿಕೊಂಡರೆ ಸಾಕು ಎನ್ನುತ್ತಾರೆ; ಬಟ್ಟೆಯ ಮಾಸ್ಕ್ ಅನಿಲವನ್ನು ತಡೆಯುತ್ತದೆಂದು ನಾನಂತೂ ನಂಬಲಾರೆ.

ಆದ್ದರಿಂದ ಗುಂಪು ಮೇಲೆ ಹೋಗಿ ಬರುವವರೆಗೆ ಅಮ್ಮ ಕೆಳಗೆ ಕುಸಸೆನ್‌ರಿ ಹುಲ್ಲುಗಾವಲಿನ ಎದುರಿರುವ ಜ್ವಾಲಾಮುಖಿ ವಸ್ತುಸಂಗ್ರಹಾಲಯದಲ್ಲಿ ಕುಳಿತಿರಲಿ, ಅಲ್ಲಿಂದಲೂ ಕುಳಿಯ ಹೊಗೆ ಕಾಣುತ್ತದಲ್ಲ ಎಂದುಕೊಂಡಿದ್ದೇನೆ. ಆದರೆ ಗಾಳಿ ತಿರುಗಿದರೆ ಅನಿಲ ಅಲ್ಲಿಯವರೆಗೂ ಬಂದು ಉಸಿರಾಟಕ್ಕೆ ತೊಂದರೆಯಾಗುತ್ತದೆಯೇ ಎಂಬುದು ಗೊತ್ತಾಗುತ್ತಿಲ್ಲ.

ಆಸ್ತಮಾ ಇರುವ ಹಿರಿಯರೊಂದಿಗೆ ಅಲ್ಲಿಗೆ ಹೋಗಿಬಂದವರು ದಯವಿಟ್ಟು ತಿಳಿಸಿ: ಅಮ್ಮ ಕುಸಸೆನ್‌ರಿಯಲ್ಲಿ ಕಾಯುವುದು ಸುರಕ್ಷಿತವೇ, ಅಥವಾ ಆ ದಿನ ನಾವಿಬ್ಬರೂ ಹೋಟೆಲಿನಲ್ಲೇ ಉಳಿಯುವುದು ಒಳ್ಳೆಯದೇ?