ಇಂಟರ್‌ಫೇಸ್‌ನಲ್ಲಿ ಪ್ಯಾರಾಮೀಟರ್ ಹೆಸರು ಯಾಕೆ ಬೇಕು?

ಪ್ರಶ್ನೆ: ಮುಧೋಳದಲ್ಲಿ ಕಬ್ಬಿನ ವೇಬ್ರಿಡ್ಜ್‌ಗೆ ಸಿ ಶಾರ್ಪ್‌ನಲ್ಲಿ ಕೋಡ್ ಬರೆಯುತ್ತಿದ್ದೇನೆ. ಇಂಟರ್‌ಫೇಸ್‌ನಲ್ಲಿ (ಯಾವ ಫಂಕ್ಷನ್ ಇರಬೇಕು ಅಂತ ಹೇಳುವ ಪಟ್ಟಿ) ಪ್ಯಾರಾಮೀಟರ್‌ಗೆ, ಅಂದರೆ ಫಂಕ್ಷನ್‌ಗೆ ಕೊಡುವ ಮೌಲ್ಯಕ್ಕೆ, ಹೆಸರಿಡದೆ ಸುಮ್ನೆ ‘ಡಬಲ್, ಡಬಲ್’ ಅಂತ ಸಂಖ್ಯೆಯ ಟೈಪ್ ಮಾತ್ರ ಬರೆದರೆ ಕಂಪೈಲರ್ ಒಪ್ಪಲ್ಲ. ಒಳಗೆ ಕೋಡೇ ಇಲ್ಲ, ಹೆಸರು ಯಾಕೆ? ಸಿ ಭಾಷೆಯಲ್ಲಿ ಬಿಡಬಹುದು ಅಲ್ವಾ?

ಉತ್ತರ: ಹೌದು ಸರ್, ಸಿ ಪ್ರೊಟೊಟೈಪ್‌ನಲ್ಲಿ (ಫಂಕ್ಷನ್‌ನ ಮುಂಗಡ ಘೋಷಣೆ) ಬಿಡಬಹುದು, ಗೋ ಭಾಷೆಯ ಇಂಟರ್‌ಫೇಸ್‌ನಲ್ಲೂ. ಆದರೆ 2010ರ ಸಿ ಶಾರ್ಪ್ 4.0ರಿಂದ ಫಂಕ್ಷನ್ ಕರೆಯುವಾಗ ಹೆಸರು ಹೇಳಿಯೇ ಮೌಲ್ಯ ಕೊಡಬಹುದು: ‘ಒಟ್ಟುತೂಕ: 24.6, ಖಾಲಿತೂಕ: 8.2’. ಇಂಟರ್‌ಫೇಸ್ ಮೂಲಕ ಕರೆದರೆ ಅಲ್ಲಿರುವ ಹೆಸರೇ ನಡೆಯುತ್ತದೆ. ನಿಜವಾದ ಕೋಡ್ ಇರುವ ಕ್ಲಾಸ್‌ನಲ್ಲಿ ಬೇರೆ ಇಟ್ಟಿದ್ದರೂ ಅಷ್ಟೇ. ಆಮೇಲೆ ಇಂಟರ್‌ಫೇಸ್‌ನಲ್ಲಿರುವ ಹೆಸರನ್ನು ಬದಲಿಸಿದರೆ ಹಾಗೆ ಕರೆದ ಕೋಡ್ ಕಂಪೈಲ್ ಆಗಲ್ಲ.

ಇನ್ನೊಂದು ಉತ್ತರ: ಜಾವಾದಲ್ಲಿ ಹಾಗೆ ಹೆಸರು ಹೇಳಿ ಕರೆಯಲು ಬರಲ್ಲ, ಆದರೂ ಹೆಸರು ಕಡ್ಡಾಯ. ನನಗಂತೂ ಅದು ಓದುವವರಿಗೆ ಬೇಕೇ ಬೇಕು. ಇಂಥದ್ದೇ ಕೆಲಸದಲ್ಲಿ ನಾನು ‘ಎ, ಬಿ’ ಅಂತ ಇಟ್ಟಿದ್ದೆ. ಜೊತೆಗಾರ ಅದಲುಬದಲು ಕೊಟ್ಟ. ರೈತರೊಬ್ಬರ ಚೀಟಿಯಲ್ಲಿ ಮೈನಸ್ 16.4 ಟನ್ ಬಂತು.