ಪಂಜರದ ಆಟಿಕೆ: ಗೆಜ್ಜೆ, ಹಗ್ಗ, ಜಿಐ ತಂತಿ – ಯಾವುದು ಇರಲಿ, ಯಾವುದು ತೆಗೆಯಲಿ?

ನಿಟುವಳ್ಳಿ ಕಾಕಟಿಯಲ್ (ದಾವಣಗೆರೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ಜೋಡಿ ಕಾಕಟಿಯಲ್ ಇವೆ, ಬೇರೆ ಪಂಜರದಲ್ಲಿ ಒಂದು ಗ್ರೀನ್ ಚೀಕ್ ಕನ್ಯೂರ್ (ಎರಡೂ ಸಣ್ಣ ಗಿಳಿ ಜಾತಿಯವು). ಎರಡೂ ಪಂಜರ ಪೌಡರ್ ಕೋಟಿಂಗ್‌ನವು, ಸರಳುಗಳ ನಡುವೆ ಅರ್ಧ ಇಂಚು ಸಂದು.

ಈಗ ಒಳಗಿರುವ ಸಾಮಾನು ಇಷ್ಟು. ಸೀಳು ಇರುವ ದುಂಡು ಗೆಜ್ಜೆ ಕಟ್ಟಿದ ಉಯ್ಯಾಲೆ. ಬಣ್ಣದ ಮರದ ತುಂಡು ಪೋಣಿಸಿದ ಸರ. ಅದರ ಮೇಲ್ತುದಿಗೆ ನಾಯಿ ಚೈನಿಗೆ ಇರುತ್ತದಲ್ಲ, ಆ ಥರದ ಸ್ಪ್ರಿಂಗ್ ಕೊಕ್ಕೆ. 12 ಮಿ.ಮೀ. ದಪ್ಪದ ಹತ್ತಿ ಹಗ್ಗ, ಕೂರುವುದಕ್ಕೆ. ಒಂದು ತುದಿ ಕುಚ್ಚಿನಂತೆ ಬಿಚ್ಚಿಕೊಂಡಿದೆ. ಪ್ಲಾಸ್ಟಿಕ್ ಚೌಕಟ್ಟಿನ ಕನ್ನಡಿ. ಕನ್ಯೂರ್ ಮಲಗಲು ಉಣ್ಣೆಯಂಥ ಬಟ್ಟೆಯ ಪುಟ್ಟ ಗುಡಾರ. ಎಲ್ಲವನ್ನೂ ಜಿಐ ತಂತಿಯಿಂದ ಸರಳಿಗೆ ಸುತ್ತಿದೆ. ತಂತಿಯ ಮೇಲೆ ಬಿಳಿ ಪುಡಿ ಕಾಣಿಸುತ್ತಿದೆ, ಒರೆಸಿದರೆ ಹೋಗುತ್ತೆ, ವಾರದಲ್ಲಿ ಮತ್ತೆ ಬರುತ್ತೆ.

ತಂತಿಯನ್ನು ವಿನೆಗರ್‌ನಲ್ಲಿ ತೊಳೆದರೆ ಸಾಕಾಗುತ್ತಾ? ಇದರಲ್ಲಿ ಇವತ್ತೇ ತೆಗೆಯಬೇಕಾದ್ದು ಯಾವುದು? ಹಕ್ಕಿಗಳು ಸದ್ಯಕ್ಕೆ ಚೆನ್ನಾಗಿವೆ, ಕಾಳು ತಿನ್ನುತ್ತಿವೆ.

ಕೋಟೆ ಗಿಳಿ (ಚಿತ್ರದುರ್ಗ):

ಇವತ್ತೇ ತೆಗೀಬೇಕಾದ್ದು ಮೂರು: ಜಿಐ ತಂತಿ, ಗೆಜ್ಜೆ, ಗುಡಾರ. ಕೊಕ್ಕೆ ಇರೋ ಸರಾನೂ ಹೊರಗಿಡ್ರಿ, ಕೊಂಡಿ ಬದಲಿಸಿದ ಮೇಲೆ ವಾಪಸ್ ಹಾಕಬಹುದು.

ಮೊದಲು ತಂತಿ ವಿಷಯ. ಜಿಐ ಅಂದ್ರೆ ಕಬ್ಬಿಣದ ಮೇಲೆ ಸತುವಿನ ಲೇಪ. ಕಬ್ಬಿಣಕ್ಕೆ ಕೆಂಪು ತುಕ್ಕು ಹಿಡಿಯೋ ಹಾಗೆ ಸತುವಿಗೆ ಬಿಳಿ ತುಕ್ಕು ಹಿಡಿಯುತ್ತೆ. ನೀವು ಒರೆಸ್ತಿರೋ ಪುಡಿ ಅದೇ. ನೀರಿನ ಬಟ್ಟಲ ಹತ್ತಿರ, ಹಿಕ್ಕೆ ಬೀಳೋ ಕಡೆ ಇನ್ನೂ ಬೇಗ ಬರುತ್ತೆ. ಗಿಳಿ ಜಾತಿಯವು ಲೋಹವನ್ನ ಕೊಕ್ಕಿನಿಂದ ಕೆರೆದು, ನಾಲಿಗೆ ಆಡಿಸಿ ಪರೀಕ್ಷೆ ಮಾಡ್ತಾವೆ. ಚೂರು ಹೊಟ್ಟೆಗೆ ಹೋದರೆ ಅಲ್ಲಿನ ಆಮ್ಲ ಸತುವನ್ನ ಕರಗಿಸಿ ರಕ್ತಕ್ಕೆ ಬಿಡುತ್ತೆ. ನೂರು ಗ್ರಾಂ ಆಸುಪಾಸಿನ ಹಕ್ಕಿ ಅದು. ಚೂರು ಎಷ್ಟು ಸಣ್ಣದು ಅನ್ನೋ ಲೆಕ್ಕ ಅಲ್ಲಿ ನಡೆಯಲ್ಲ.

ವಿನೆಗರ್ ಮತ್ತು ತಂತಿ ಬ್ರಷ್ ಹಾಕಿ ಉಜ್ಜಿದ್ರೆ ಸಡಿಲ ಪುಡಿ, ಲೇಪದ ಗಡ್ಡೆ ಹೋಗ್ತಾವೆ, ಕೆಳಗಿನ ಸತು ಹಾಗೇ ಇರುತ್ತೆ. ಇಡೀ ಜಾಲರಿ ಪಂಜರವೇ ಜಿಐ ಇದ್ದು, ಬದಲಿಸಕ್ಕೆ ಆಗದೇ ಇದ್ದಾಗ ಅಪಾಯ ಕಡಿಮೆ ಮಾಡಕ್ಕೆ ಆ ಕೆಲಸ. ಒಂದು ಮೊಳ ತಂತಿಗೆ ಆ ಕಸರತ್ತು ಯಾಕೆ? ಬಿಸಾಕಿ.

ಬದಲಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕ್ವಿಕ್ ಲಿಂಕ್ ಕೇಳ್ರಿ. ಹೆಸರು ಗೊತ್ತಾಗದಿದ್ರೆ "ಚೈನ್ ಜೋಡಿಸೋ ಕೊಂಡಿ, ಪಕ್ಕದ ನಟ್ ತಿರುಗಿಸಿದ್ರೆ ಮುಚ್ಚಿಕೊಳ್ಳೋದು" ಅನ್ನಿ. 3.5 ಅಥವಾ 4 ಮಿ.ಮೀ. ದಪ್ಪದ್ದು ನಿಮ್ಮ ಹಕ್ಕಿಗಳಿಗೆ ಸಾಕು. ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲಿನ ಒಂದು ದರ್ಜೆ) ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ರೆ ಕೈಗೆ ಕೊಡೋದು ಸತು ಲೇಪದ್ದೇ, ನೋಡಕ್ಕೆ ಎರಡೂ ಫಳಫಳ. ಹಾಕುವಾಗ ನಟ್ ಪಂಜರದ ಹೊರಭಾಗಕ್ಕೆ ಬರಲಿ. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು. ಕನ್ಯೂರ್‌ಗೆ ಸಡಿಲ ನಟ್ ಬಿಚ್ಚೋದು ಒಂದು ಆಟ.

ಸ್ಪ್ರಿಂಗ್ ಕೊಕ್ಕೆಯ ದೋಷ ಬೇರೆ. ಒತ್ತಿದ್ರೆ ಒಳಕ್ಕೆ ಹೋಗಿ, ಬಿಟ್ಟರೆ ವಾಪಸ್ ಬಂದು ಕಚ್ಚಿಕೊಳ್ಳುತ್ತೆ. ಹಕ್ಕಿ ಕೆಳಕೊಕ್ಕಿನಿಂದ ಒತ್ತಿದಾಗ ಆ ಕೆಳಕೊಕ್ಕೇ ಅದರೊಳಗೆ ಸಿಕ್ಕಿಬೀಳುತ್ತೆ, ಗಾಬರಿಯಾಗಿ ಎಳೆದಷ್ಟೂ ಬಿಗಿ. ಕೀ ಬಂಚಿನ ಎರಡು ಸುತ್ತಿನ ರಿಂಗೂ ಹಾಗೇ, ಸುತ್ತುಗಳ ಸಂದಿಗೆ ಕೊಕ್ಕಿನ ತುದಿ ಅಥವಾ ಉಗುರು ಹೋಗಿ ನಿಲ್ಲುತ್ತೆ.

ಪಿ.ಜೆ. ಬಡಾವಣೆ ಅಕ್ಕ (ದಾವಣಗೆರೆ):

ಲೋಹದ ಬಗ್ಗೆ ಮೇಲಿನವರು ಹೇಳಿದ್ದಾರೆ. ನಾನು ದಾರ ಮತ್ತು ತೂತಿನ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ಹಕ್ಕಿ ಕಾಲು ಕಳೆದುಕೊಳ್ಳುವುದು ಹೆಚ್ಚಾಗಿ ಇವುಗಳಿಂದ.

ಗೆಜ್ಜೆಯ ಸೀಳು ಹೊರಗಡೆ ಅಗಲ, ತುದಿಗೆ ಹೋದಂತೆ ಕಿರಿದು. ಬೆರಳು ಅಗಲವಿದ್ದ ಕಡೆ ತೂರಿ ಕಿರಿದಾದ ಕಡೆ ಜಾರಿ ಕೂರುತ್ತದೆ. ಹಿಂದಕ್ಕೆ ಎಳೆದರೆ ಬರುವುದಿಲ್ಲ, ಬಂದ ದಾರಿಯಲ್ಲೇ ಪಕ್ಕಕ್ಕೆ ಸರಿಸಬೇಕು. ಹಕ್ಕಿಗೆ ಅದು ಗೊತ್ತಾಗುವುದಿಲ್ಲ. ಒಳಗಿನ ಗುಂಡು ಯಾವ ಲೋಹದ್ದು ಎನ್ನುವುದು ಮಾರುವವನಿಗೂ ಗೊತ್ತಿರುವುದಿಲ್ಲ. ಸದ್ದು ಬೇಕೇ ಬೇಕು ಎಂದರೆ ಬಾಯಿ ತೆರೆದ ಸ್ಟೀಲ್ ಗಂಟೆ ಹಾಕಿ, ಆದರೆ ಅದರ ನಾಲಿಗೆಯನ್ನು ಎಳೆದು ನೋಡಿ. ತೆಳು ಕೊಕ್ಕೆಗೆ ಸಿಕ್ಕಿಸಿದ ನಾಲಿಗೆಯನ್ನು ಹಕ್ಕಿ ಕಿತ್ತು ತೆಗೆಯುತ್ತದೆ, ಅಗ್ಗದ ಗಂಟೆಯಲ್ಲಿ ಅದು ಸೀಸದ್ದೂ ಇರಬಹುದು. ಹಿತ್ತಾಳೆ ಗಂಟೆ ಬೇಡ. ಹಿತ್ತಾಳೆಯಲ್ಲಿ ಸತು ಇದ್ದೇ ಇರುತ್ತದೆ, ಕೆಲವದರಲ್ಲಿ ಸೀಸವೂ.

ಬಳೆ, ರಿಂಗು, ಚೈನು ಅಳೆಯುವ ಕ್ರಮ ಹೀಗೆ. ತೂತು ಹಕ್ಕಿಯ ತಲೆ ತೂರದಷ್ಟು ಚಿಕ್ಕದಿರಬೇಕು, ಇಲ್ಲ ಇಡೀ ಮೈ ಸಲೀಸಾಗಿ ದಾಟುವಷ್ಟು ದೊಡ್ಡದಿರಬೇಕು. ತಲೆ ಹೋಗಿ ಭುಜ ನಿಲ್ಲುವ ಅಳತೆಯೇ ಕೊರಳಿಗೆ ಕುತ್ತು. ಚೈನಿನ ಕೊಂಡಿಗಳಿಗೆ ಬೆರಳಿನ ಲೆಕ್ಕ: ಬೆರಳು ತೂರಿ ಬಿಗಿಯಾಗಿ ಕೂರುವಂತಿರಬಾರದು. ಬೆಸುಗೆ ಇಲ್ಲದೆ ಬರೀ ಬಗ್ಗಿಸಿ ಮುಚ್ಚಿದ ಕೊಂಡಿಗಳ ಚೈನ್ ಯಾವ ಅಳತೆಯದಾದರೂ ಬೇಡ, ಆ ಸಂದಿಗೆ ಉಗುರು ಸಿಗುತ್ತದೆ.

ಹತ್ತಿ ಹಗ್ಗ ನಮ್ಮೂರಿನಲ್ಲಿ ಸುಲಭವಾಗಿ ಸಿಗುತ್ತದೆ ಅಂತ ಎಲ್ಲರೂ ಅದನ್ನೇ ಕಟ್ಟುತ್ತಾರೆ. ಹೊಸದರಲ್ಲಿ ತೊಂದರೆಯಿಲ್ಲ. ಹುರಿ ಬಿಚ್ಚಿ ಎಳೆಗಳು ಎದ್ದ ಮೇಲೆ ಎರಡು ಅಪಾಯ. ಎಳೆ ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಟ ನಿಲ್ಲಿಸುತ್ತದೆ. ಹರಿದು ನುಂಗಿದ ಎಳೆಗಳು ಕತ್ತಿನ ಕೆಳಗಿನ ಕಾಳುಚೀಲದಲ್ಲಿ ಉಂಡೆಗಟ್ಟಿ ಆಹಾರಕ್ಕೆ ಅಡ್ಡ ನಿಲ್ಲುತ್ತವೆ. ಎದ್ದ ಎಳೆಗಳನ್ನು ವಾರಕ್ಕೊಮ್ಮೆ ಕತ್ತರಿಯಿಂದ ಬುಡಕ್ಕೇ ಕತ್ತರಿಸಿ, ತೂಗುವ ತುದಿ ಒಂದು ಇಂಚಿಗಿಂತ ಉದ್ದ ಬಿಡಬೇಡಿ, ಎಲ್ಲೂ ಕುಣಿಕೆ ಬರಬಾರದು. ನಿಮ್ಮ ಹಗ್ಗದ ಕುಚ್ಚು ಕತ್ತರಿಸಿದ ಮೇಲೂ ನಡುಭಾಗ ಗಟ್ಟಿ ಇದ್ದರೆ ಇಟ್ಟುಕೊಳ್ಳಬಹುದು. ನೈಲಾನ್ ಹಗ್ಗ ಬೇಡವೇ ಬೇಡ, ಅದರ ಎಳೆ ಹರಿಯುವುದಿಲ್ಲ, ಚರ್ಮವನ್ನೇ ಕೊಯ್ಯುತ್ತದೆ.

ಗುಡಾರ ತೆಗೆಯಿರಿ ಎಂದಿದ್ದಕ್ಕೂ ಇದೇ ಕಾರಣ. ಒಳಗೆ ಕೂತು ಬಟ್ಟೆ ಕಡಿಯುತ್ತದೆ, ಕಡಿದ ತೂತಿಗೆ ತಲೆ ಹಾಕುತ್ತದೆ. ಜೊತೆಗೆ ಕತ್ತಲ ಪೊಟರೆ ಸಿಕ್ಕಿತೆಂದು ಮೈಯಲ್ಲಿ ಗೂಡುಕಟ್ಟುವ ಹುಕಿ ಏಳುತ್ತದೆ. ಹೆಣ್ಣಾದರೆ ಮೊಟ್ಟೆಯ ಮೇಲೆ ಮೊಟ್ಟೆ, ಕ್ಯಾಲ್ಸಿಯಂ ಖಾಲಿ. ಮಲಗಲು ಎತ್ತರದಲ್ಲಿ ಒಂದು ಕೋಲು ಸಾಕು. ಚಳಿ ಎನಿಸಿದರೆ ಪಂಜರದ ಮೂರು ಬದಿಗೆ ಹೊರಗಿನಿಂದ ಬಟ್ಟೆ ಹೊದಿಸಿ.

ಮಂಡಿಪೇಟೆ:

ಹಗ್ಗ ಉಳಿಸಿಕೊಳ್ಳಬಹುದು ಅನ್ನೋದನ್ನ ನಾನು ಒಪ್ಪಲ್ಲ ಅಕ್ಕ. ವಾರಕ್ಕೊಮ್ಮೆ ಕತ್ತರಿ ಹಿಡಿಯೋರು ಎಷ್ಟು ಜನ? ಬೇವಿನ ಕೊಂಬೆ ಹಾಕಿದ್ರೆ ಆ ಚಿಂತೆಯೇ ಇಲ್ಲ.

ಇನ್ನೊಂದು ಮಾತು: ಸ್ಟೀಲ್ ಗೊತ್ತುಮಾಡಕ್ಕೆ ಆಯಸ್ಕಾಂತ ಸಾಕು, ಹಿಡಿಯದಿದ್ರೆ 304, ನಿಶ್ಚಿಂತೆ.

ಕೋಟೆ ಗಿಳಿ:

ಆಯಸ್ಕಾಂತದ ವಿಷಯ ಅರ್ಧ ಸರಿ ಅಣ್ಣ. 304 ಸಾಮಾನ್ಯವಾಗಿ ಹಿಡಿಯಲ್ಲ, ನಿಜ. ಆದ್ರೆ ಹಿತ್ತಾಳೆ, ಅಲ್ಯೂಮಿನಿಯಂ, ಬರೀ ಸತು, ಸೀಸ, ಇವೂ ಹಿಡಿಯಲ್ಲ. ಅಗ್ಗದ ಆಟಿಕೆಯ ಎರಕದ ಕೊಂಡಿಗಳು ಎಷ್ಟೋ ಸಲ ಸತುವಿನ ಮಿಶ್ರಲೋಹವೇ. ಆಯಸ್ಕಾಂತ ಬಲವಾಗಿ ಹಿಡಿದ್ರೆ 304 ಅಲ್ಲ ಅಂತ ಬಹುಮಟ್ಟಿಗೆ ತಿಳಿಯಬಹುದು, ಹಿಡಿಯದಿದ್ರೆ ಇನ್ನೂ ಏನೂ ತಿಳಿದಿಲ್ಲ ಅಂತ ಅರ್ಥ.

ಅದರ ಜೊತೆ ಇನ್ನೊಂದು ಪರೀಕ್ಷೆ ಮಾಡ್ರಿ. ಕೊಂಡಿಯನ್ನ ಬಿಳಿ ವಿನೆಗರ್‌ನಲ್ಲಿ ರಾತ್ರಿ ಪೂರ್ತಿ ಮುಳುಗಿಸಿಡಿ. ಸತು ಇದ್ರೆ ಮೈಮೇಲೆ ಸಣ್ಣ ಗುಳ್ಳೆ ಏಳ್ತಾವೆ, ಬೆಳಿಗ್ಗೆ ಹೊಳಪು ಹೋಗಿ ಬೂದು ಬಣ್ಣ ಆಗಿರುತ್ತೆ. 304 ಇದ್ದಂಗೇ ಇರುತ್ತೆ. ಪರೀಕ್ಷೆಯಲ್ಲಿ ಬೂದಾದ ಕೊಂಡಿ ಪಂಜರಕ್ಕೆ ಹೋಗಬಾರದು. ಸೀಸಕ್ಕೆ ಈ ಪರೀಕ್ಷೆ ನಂಬಬೇಡ್ರಿ. ಉಗುರಲ್ಲಿ ಗೀರಿದ್ರೆ ಗೀರು ಬಿದ್ದು, ಕಾಗದದ ಮೇಲೆ ಎಳೆದ್ರೆ ಬೂದು ಗೆರೆ ಮೂಡಿದ್ರೆ ಅದನ್ನ ಸೀಸ ಅಂತಲೇ ಭಾವಿಸಿ.

ನಿಟುವಳ್ಳಿ ಕಾಕಟಿಯಲ್:

ಎಲ್ಲರಿಗೂ ಧನ್ಯವಾದ. ತಂತಿ, ಗೆಜ್ಜೆ, ಗುಡಾರ ಹೊರಗೆ ಹಾಕಿಯಾಯಿತು. ಹಾಗಾದರೆ ಕಡಿಯಲು ಏನು ಕೊಡಬೇಕು? ಪಂಜರ ಖಾಲಿ ಬಿಟ್ಟರೆ ಕನ್ಯೂರ್ ಪುಕ್ಕ ಕಿತ್ತುಕೊಳ್ಳುತ್ತೆ ಅಂತಾರೆ. ಮನೆಯಲ್ಲೇ ಮಾಡುವಂಥದ್ದು ಹೇಳಿ.

ಹಾಳೆ ತಟ್ಟೆ (ಚನ್ನಗಿರಿ):

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಅಡಿಕೆ ಹಾಳೆ ತಟ್ಟೆ ಒಂದು ತಗೊಂಡು 2 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಅರ್ಧ ಗಂಟೆ ನೀರಲ್ಲಿ ನೆನೆಸಿದರೆ ಮೆತ್ತಗಾಗುತ್ತೆ, ನಡುವೆ ತೂತು ಹಾಕಿ. ಏಳೆಂಟು ಪಟ್ಟಿಗಳನ್ನು ಎಸ್‌ಎಸ್ ಬೋಲ್ಟಿಗೆ ಪೋಣಿಸಿ, ಎರಡೂ ಕಡೆ ವಾಷರ್ ಕೊಟ್ಟು, ನಟ್ ಹೊರಗೆ ಬರುವಂತೆ ಪಂಜರದ ಸರಳಿಗೆ ಕಟ್ಟಿ. ದಾರವೇ ಬೇಡ. ಎಂ5 ಬೋಲ್ಟ್, 60 ಮಿ.ಮೀ. ಉದ್ದ ಸರಿಹೋಗುತ್ತೆ. ಬೋಲ್ಟಿನ ತಲೆ ದುಂಡಗಿರಲಿ.

ತೋಟದಲ್ಲಿ ಬಿದ್ದ ಹಾಳೆ ನೇರ ತರುವುದಾದರೆ ಒಂದು ಎಚ್ಚರ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ, ಅದು ಮೈಲುತುತ್ತು ಮತ್ತು ಸುಣ್ಣ. ನೀಲಿ ಕಲೆ ಇದ್ದ ಹಾಳೆ ಬೇಡ. ಅಡಿಕೆ ಕಾಯನ್ನಂತೂ ಆಟಿಕೆ ಮಾಡಬೇಡಿ.

ಮೆಕ್ಕೆಜೋಳದ ತೆನೆ ಸಿಪ್ಪೆ ಇನ್ನೊಂದು. ಹೊರಗಿನ ಮೂರು ನಾಲ್ಕು ಪದರ ಬಿಸಾಡಿ, ಒಳಗಿನ ಎಳೆಯ ಪದರ ತೊಳೆದು ಒಣಗಿಸಿ. ಬೆಂಡು ಕೂಡ ಕೊಡಬಹುದು, ಮುಂಚೆ ಮುರಿದು ನೋಡಿ: ಒಳಗೆ ಹಸಿರು ಅಥವಾ ಕಪ್ಪು ಬೂಷ್ಟು ಕಂಡರೆ, ಮುಗ್ಗಲು ವಾಸನೆ ಬಂದರೆ ಕೊಡಬಾರದು. ಚಳ್ಳಕೆರೆ ಕಡೆಯ ಶೇಂಗಾ ಸಿಪ್ಪೆಸಮೇತ ಕೊಡುವವರಿಗೂ ಇದೇ ಮಾತು, ಬೂಷ್ಟಿನ ವಿಷ ಯಕೃತ್ತನ್ನು ಹಾಳುಮಾಡುತ್ತೆ. ಹುರಿದು ಸುಲಿದ ಕಾಳು ಕಾಗದದ ಪೊಟ್ಟಣದಲ್ಲಿ ಸುತ್ತಿ ಹಾಳೆ ಪಟ್ಟಿಗಳ ನಡುವೆ ಸಿಕ್ಕಿಸಿದರೆ ಹುಡುಕುವ ಆಟವೂ ಆಗುತ್ತೆ. ಪೊಟ್ಟಣಕ್ಕೆ ಸ್ಟೇಪ್ಲರ್ ಪಿನ್, ಸೆಲೋಟೇಪ್ ಬೇಡ, ಬರೀ ತಿರುಚಿದರೆ ನಿಲ್ಲುತ್ತೆ.

ಮರ: ಬೇವು, ಸೀಬೆ, ಹುಣಸೆ, ಬಿದಿರು ನಡೆಯುತ್ತೆ. ಹೆದ್ದಾರಿ ನಡುವೆ ಬೆಳೆಸುವ ಕಣಗಿಲೆ ಪ್ರಾಣಕ್ಕೇ ಕುತ್ತು, ಎಕ್ಕ, ಉಮ್ಮತ್ತಿಯೂ ಬೇಡ. ಪ್ಲೈವುಡ್, ಎಂಡಿಎಫ್ ಚೂರು ಬಡಗಿ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತವೆ, ಆದರೆ ಅಂಟಿನ ಕಾರಣಕ್ಕೆ ಬೇಡ. ಕೊಂಬೆಯನ್ನು ಉಜ್ಜಿ ತೊಳೆದು, ಹತ್ತು ಹದಿನೈದು ನಿಮಿಷ ಕುದಿಸಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಕುದಿಸುವ ಪಾತ್ರೆ ಸ್ಟೀಲಿನದಿರಲಿ. ನಾನ್‌ಸ್ಟಿಕ್ ಪಾತ್ರೆ ನೀರಾರಿ ಕಾದರೆ ಬರುವ ಹೊಗೆಗೆ ಪಕ್ಕದ ಕೋಣೆಯ ಹಕ್ಕಿಯೂ ಉಳಿಯುವುದಿಲ್ಲ. (ಬೆಣ್ಣೆ ದೋಸೆಯನ್ನೂ ಕಬ್ಬಿಣದ ಕಾವಲಿಯಲ್ಲೇ ಹೊಯ್ಯಿರಿ, ರುಚಿಯೂ ಅದರಲ್ಲೇ.)

ಪಿ.ಜೆ. ಬಡಾವಣೆ ಅಕ್ಕ:

ಮಂಡಿಪೇಟೆಯವರು ಹೇಳಿದ್ದು ನ್ಯಾಯ, ಕತ್ತರಿ ಹಿಡಿಯಲಾರದವರು ಹಗ್ಗ ಕಟ್ಟಬಾರದು. ಕನ್ನಡಿ ವಿಷಯ ಯಾರೂ ಹೇಳಲಿಲ್ಲ. ಕಾಕಟಿಯಲ್ ಜೋಡಿಗೆ ಅದರ ಅಗತ್ಯವೇ ಇಲ್ಲ. ಕೆಲವು ಗಂಡುಗಳು ಪ್ರತಿಬಿಂಬವನ್ನೇ ಸಂಗಾತಿ ಎಂದುಕೊಂಡು ಕಾಳು ಕಕ್ಕಿ ಉಣಿಸುತ್ತವೆ. ಗಾಜಿನದಾದರೆ ಒಡೆದ ಅಂಚು, ಹಿಂಬದಿಯ ಲೇಪ ಬೇರೆ.

ಬೆರಳು ಎಲ್ಲಾದರೂ ಸಿಕ್ಕಿಕೊಂಡರೆ ಮಾಡಬೇಕಾದ್ದು: ಮೊದಲು ಮೈಯನ್ನು ಬಟ್ಟೆಯಲ್ಲಿ ಹಿಡಿದು ಭಾರ ಕೈಮೇಲೆ ತಗೊಳ್ಳಿ, ಎದೆ ಒತ್ತಬೇಡಿ, ಹಕ್ಕಿ ಉಸಿರಾಡುವುದು ಎದೆ ಎತ್ತಿಯೇ. ಆಮೇಲೆ ಆಟಿಕೆಯನ್ನು ಕತ್ತರಿಸಿ, ಕಾಲನ್ನು ಎಳೆಯಬೇಡಿ. ಮೊಂಡು ತುದಿಯ ಸಣ್ಣ ಕತ್ತರಿ, ಒಂದು ಕಟಿಂಗ್ ಪ್ಲೇಯರ್ ಪಂಜರದ ಪಕ್ಕದಲ್ಲೇ ನೇತುಹಾಕಿರಿ. ಉಗುರಿನಿಂದ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ಬೆರಳು ಊದಿ ಬಣ್ಣ ಕಪ್ಪಗಾಗಿದ್ದರೆ ಅಥವಾ ಎಳೆ ಚರ್ಮದೊಳಗೆ ಹೂತಿದ್ದರೆ ಅದೇ ದಿನ ವೈದ್ಯರು ನೋಡಬೇಕು.

ಕೋಟೆ ಗಿಳಿ:

ನಿಮ್ಮ ಹಕ್ಕಿಗಳು ಬಿಳಿ ಪುಡಿ ಇರೋ ತಂತಿ ಕಡಿದಿರೋ ಸಾಧ್ಯತೆ ಇದೆ, ಹಾಗಾಗಿ ಕೆಲ ವಾರ ಹಿಕ್ಕೆ ನೋಡ್ತಿರಿ. ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿದ್ರೆ ಗೊತ್ತಾಗುತ್ತೆ. ನೀರು ವಿಪರೀತ ಕುಡಿದು ಹಿಕ್ಕೆ ಸುತ್ತ ನೀರು ಹರಡೋದು, ಕಡುಹಸಿರು ಹಿಕ್ಕೆ, ತಿಂದದ್ದು ಕಕ್ಕೋದು, ಮಂಕಾಗಿ ಮೈ ಉಬ್ಬಿಸಿ ಕೂರೋದು, ಕಾಲಿನ ಹಿಡಿತ ಸಡಿಲ ಆಗೋದು, ನಡುಕ – ಇದರಲ್ಲಿ ಯಾವುದು ಕಂಡ್ರೂ ಕಾಯಬೇಡ್ರಿ. ಎಲ್ಲಾ ಸೀಸ, ಸತುವಿನಿಂದಲೇ ಬರಬೇಕು ಅಂತಿಲ್ಲ, ಅದಕ್ಕೇ ಎಕ್ಸ್‌ರೇ. ಲೋಹದ ಚೂರು ಇದ್ರೆ ಬೆಳ್ಳಗೆ ಹೊಳೆಯುತ್ತೆ. ಚೂರು ಕಾಣದಿದ್ರೂ ರಕ್ತದಲ್ಲಿ ಇರಬಹುದು, ಹಾಗಾಗಿ ವೈದ್ಯರಿಗೆ ಜಿಐ ತಂತಿ ವಿಷಯ ಮೊದಲೇ ಹೇಳಿ, ತಂತಿಯ ಒಂದು ತುಂಡನ್ನೂ ತಗೊಂಡು ಹೋಗಿ. ಲೋಹ ಇಳಿಸಕ್ಕೆ ಕೊಡೋ ಚುಚ್ಚುಮದ್ದು ಕ್ಯಾಲ್ಸಿಯಂ ಇಡಿಟಿಎ. ಕ್ಯಾಲ್ಸಿಯಂ ಇಲ್ಲದ ಬರೀ ಸೋಡಿಯಂ ಇಡಿಟಿಎ ರಕ್ತದ ಕ್ಯಾಲ್ಸಿಯಂ ಇಳಿಸಿ ಅಪಾಯ ತರುತ್ತೆ. ಊರಲ್ಲಿ ಹಕ್ಕಿ ನೋಡೋರು ಸಿಗದಿದ್ರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಮನೆಮದ್ದು, ಹರಳೆಣ್ಣೆ ಬೇಡ.

ಮಂಡಿಪೇಟೆ:

ಕಾಕಟಿಯಲ್‌ಗೆ ಬೇಕಿಲ್ಲ, ಆದ್ರೆ ಕನ್ಯೂರ್‌ನ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, 2024ರ ನಿಯಮ. ಮಾಡಿದ್ದೀರಾ?

ನಿಟುವಳ್ಳಿ ಕಾಕಟಿಯಲ್:

ಅರ್ಜಿ ಹಾಕಿದ್ದೇನೆ ಅಣ್ಣ. ಬಣ್ಣದ ಮರದ ಸರ ಒಂದು ಉಳಿಯಿತು. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿದರೆ ಕೆಂಪು ಬಣ್ಣ ಹತ್ತುತ್ತಿದೆ.

ಹಾಳೆ ತಟ್ಟೆ (ಚನ್ನಗಿರಿ):

ಬಣ್ಣ ಹತ್ತುವುದೊಂದೇ ದೋಷವಲ್ಲ, ತಿನ್ನುವ ಬಣ್ಣ ಹಾಕಿದ ಮರವೂ ಒದ್ದೆಯಾದರೆ ಬಿಡುತ್ತೆ. ಸಿಪ್ಪೆಯಂತೆ ಪದರ ಎದ್ದರೆ ಅದು ಪೇಂಟ್, ಬಿಸಾಡಿ. ಮರದೊಳಗೆ ಇಂಗಿದ್ದರೂ ಯಾವ ಬಣ್ಣ ಅಂತ ಪ್ಯಾಕೆಟ್ ಮೇಲೆ ಬರೆದಿಲ್ಲದಿದ್ದರೆ ಅದೇ ಅಳತೆಗೆ ಬೇವಿನ ಕೊಂಬೆ ಕೊಯ್ದು ತೂತು ಹಾಕಿ ಪೋಣಿಸುವುದು ಅರ್ಧ ಗಂಟೆ ಕೆಲಸ. ಬಣ್ಣ ಬೇಕಿದ್ದರೆ ಬೀಟ್‌ರೂಟ್ ಅಥವಾ ಅರಿಶಿನದ ನೀರಲ್ಲಿ ಕುದಿಸಿ.