ಸ್ಮಾರ್ಟ್ ಬೋರ್ಡ್ ಬಂದಿದೆ, ಮಕ್ಕಳು ಸುಮ್ನೆ ನೋಡ್ತಾ ಕೂರ್ತಾರೆ: ಏನು ಮಾಡೋದು?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಟೀಚರ್. ದಾನಿಗಳೊಬ್ಬರು ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡಿಸಿದ್ದಾರೆ. ವಿಡಿಯೋ ಹಾಕಿದರೆ ಮಕ್ಕಳು ಸಿನಿಮಾ ನೋಡಿದ ಹಾಗೆ ನೋಡುತ್ತಾರೆ. ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನ ಇಬ್ಬರದೇ ಕೈ. ಮಕ್ಕಳ ಹತ್ತಿರ ಫೋನ್ ಇಲ್ಲ, ನೆಟ್ ಆಗಾಗ ಹೋಗುತ್ತದೆ. ನಿಮ್ಮ ಅನುಭವ ಹೇಳಿ.

ಉತ್ತರ 1: ಮೇಡಂ, ವಿಡಿಯೋ ಕಡಿಮೆ ಮಾಡಿ, ಮಕ್ಕಳೇ ಕೈ ಹಾಕುವಂಥದ್ದು ಜಾಸ್ತಿ ಮಾಡಿ. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ನಾನು ಫೆಟ್ (PhET) ಬಳಸುತ್ತೇನೆ, ಅಂದರೆ ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡುವ ಸಿಮ್ಯುಲೇಷನ್‌ಗಳು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾಗಿದ್ದು. ಪೂರ್ತಿ ಉಚಿತ, ಕನ್ನಡದಲ್ಲೂ ಹಲವು ಸಿಗುತ್ತವೆ. ಮನೆಯಲ್ಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ತಂದರೆ ನೆಟ್ ಬೇಡ.

ಮೊದಲು ಒಂದು ಬ್ಯಾಟರಿ, ಒಂದು ಬಲ್ಬ್ ಜೋಡಿಸಿ ಬೋರ್ಡಿನಲ್ಲಿ ಉರಿಸುತ್ತೇನೆ. "ಇದೇ ಸಾಲಿಗೆ ಇನ್ನೊಂದು ಬಲ್ಬ್ ಸೇರಿಸಿದರೆ ಬೆಳಕು ಏನಾಗುತ್ತೆ?" ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಲೇಬೇಕು: ಜಾಸ್ತಿ, ಕಡಿಮೆ, ಅಷ್ಟೇ. ಆಮೇಲೆ ಹಿಂದಿನ ಬೆಂಚಿನವರೊಬ್ಬರು ಬಂದು ಜೋಡಿಸುತ್ತಾರೆ. ಎರಡೂ ಬಲ್ಬ್ ಮಂಕಾದ ಕೂಡಲೇ ಗದ್ದಲ ಶುರು! ಬರೆದಿರುತ್ತಾರಲ್ವಾ, ತಮ್ಮದು ಸರಿಯೋ ತಪ್ಪೋ ನೋಡುವ ಆತುರ ಇರುತ್ತದೆ. ಯಾರಾದರೂ ಬಲ್ಬೇ ಇಲ್ಲದೆ ಬ್ಯಾಟರಿಯ ಎರಡು ತುದಿಗೂ ತಂತಿ ಸೇರಿಸಿದರೆ ಬೋರ್ಡಿನಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಶಾರ್ಟ್ ಸರ್ಕ್ಯೂಟ್ ಅವತ್ತೇ ತಲೆಗೆ ಹೋಗುತ್ತದೆ. ನಿಜವಾದ ಸೆಲ್ಲು, ಟಾರ್ಚ್ ಬಲ್ಬನ್ನೂ ಅದೇ ದಿನ ಕೈಗೆ ಕೊಡಿ. ಅದನ್ನು ಬಿಡಬೇಡಿ.

ಉತ್ತರ 2: ಮುಂದಿನ ಬೆಂಚಿನ ಸಮಸ್ಯೆಗೆ ಪ್ಲಿಕರ್ಸ್ (Plickers) ಅನ್ನೋ ಆ್ಯಪ್ ನೋಡಿ ಮೇಡಂ. ಫೋನ್ ನಿಮ್ಮ ಹತ್ತಿರ ಒಂದಿದ್ದರೆ ಸಾಕು. ಪ್ರತಿ ಮಗುವಿಗೂ ಒಂದು ನಂಬರಿನ ಕಾರ್ಡ್ ಪ್ರಿಂಟ್ ಹಾಕಿಸಿ. ಕಾರ್ಡಿನ ಯಾವ ಬದಿ ಮೇಲಿರುತ್ತದೋ ಅದೇ ಉತ್ತರ: ಎ, ಬಿ, ಸಿ, ಡಿ. ಕ್ಯಾಮೆರಾ ಹಿಡಿದು ತರಗತಿಯ ಮೇಲೆ ಆಡಿಸಿದರೆ ಯಾರು ಏನು ಹೇಳಿದರು ಅಂತ ಬಂದುಬಿಡುತ್ತದೆ. ಒಂದೊಂದು ಕಾರ್ಡಿನ ಚಿತ್ರವೂ ಬೇರೆ, ಅಕ್ಷರ ಸಣ್ಣದು. ಪಕ್ಕದವರದ್ದು ನೋಡಿ ಎತ್ತೋಕೆ ಆಗಲ್ಲ. ಇಡೀ ವರ್ಷ ಬಾಯಿ ಬಿಡದ ಮಗುವಿನ ಉತ್ತರವೂ ನಿಮಗೆ ಸಿಗುತ್ತದೆ, ನನಗೆ ದೊಡ್ಡದು ಅನ್ನಿಸಿದ್ದು ಇದೇ. ಹೊಳೆಯುವ ಲ್ಯಾಮಿನೇಷನ್ ಮಾತ್ರ ಬೇಡ, ಬೆಳಕು ಹೊಡೆದು ಕ್ಯಾಮೆರಾ ಓದುವುದಿಲ್ಲ.

ಉತ್ತರ 3: ಕಾರ್ಡಿನ ಜೊತೆ ಇದನ್ನೂ ಮಾಡಿ. ಅರ್ಧ ಮಕ್ಕಳು ತಪ್ಪು ಎತ್ತಿದರೆ ಸರಿ ಉತ್ತರ ಹೇಳಿಬಿಡಬೇಡಿ. ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಲಿ, ಮತ್ತೆ ಎತ್ತಿಸಿ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇದು. ಒಂದು ಪೀರಿಯಡ್‌ಗೆ ಎರಡು ಪ್ರಶ್ನೆ ಸಾಕು. ಜಾಸ್ತಿಯಾದರೆ ಮಕ್ಕಳಿಗೆ ಪರೀಕ್ಷೆ ಅನ್ನಿಸಿಬಿಡುತ್ತದೆ.